ಮೆಜೆಸ್ಟಿಕ್, ಎರಡು ಸೀಟು

ಕಳೆದ ಜುಲೈ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಹನ್ನೊಂದು ಐವತ್ತಕ್ಕೆ ಬೆಳಗಾವಿಯ ವಿಮಾನ ಬೆಂಗಳೂರಿನ ದೇವನಹಳ್ಳಿಯಲ್ಲಿ ಇಳಿಯಿತು. ಮಳೆಯ ಕಾರಣ ಒಂದೂವರೆ ತಾಸು ತಡವಾಗಿತ್ತು. ಅದರಲ್ಲಿ ನಾನು, ನನ್ನ ಸೋದರಮಾವ ರಾವಸಾಬ ಮತ್ತು ಒಂದು ಖೋಖೋ ಪ್ರಮಾಣಪತ್ರ ಇದ್ದೆವು. ಮೂವರೂ ವಿಮಾನ ಹತ್ತಿದ್ದು ಅದೇ ಮೊದಲು. ಪ್ರಮಾಣಪತ್ರ ನನ್ನ ಮಗಳು ಪಲ್ಲವಿಯದು. ರಾಜ್ಯಮಟ್ಟದಲ್ಲಿ ಆಡಿದವರಿಗೆ ಕೃಷಿ ಪದವಿಯಲ್ಲಿ ಕೆಲವು ಸೀಟುಗಳನ್ನು ಮೀಸಲಿಟ್ಟಿರುತ್ತಾರೆ. ಅದರ ದಾಖಲೆ ಪರಿಶೀಲನೆಗೆಂದು ಅವಳು ತಾಯಿಯ ಜೊತೆ ಎರಡು ದಿನ ಮೊದಲೇ ಬೆಂಗಳೂರಿಗೆ ಹೋಗಿದ್ದಳು. ಅಂದೇ ಕಡೆಯ ದಿನ. ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕುತ್ತಾರೆ. ಅವಳ ಬಳಿ ಇದ್ದದ್ದು ಝೆರಾಕ್ಸ್ ಪ್ರತಿ, ಅವರು ಕೇಳಿದ್ದು ಮೂಲ ಪ್ರತಿ, ಮೂಲ ಪ್ರತಿ ಇದ್ದದ್ದು ನನ್ನ ಕಂಕುಳಲ್ಲಿ.

ಅದು ನನ್ನ ಕಂಕುಳಿಗೆ ಹೇಗೆ ಬಂತು ಎಂಬುದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರು ಹೇಳಿದರೆ ಇನ್ನೂ ಉದ್ದವಾಗುತ್ತದೆ. ನಾನು ಇಪ್ಪತ್ತಾರು ವರ್ಷಗಳಿಂದ ಚಿಕ್ಕೋಡಿಯಲ್ಲಿ ಪತ್ರಿಕಾ ವರದಿಗಾರ. ಸುದ್ದಿಗೆ ಎರಡು ಮೂಲ ಬೇಕು, ಹೆಸರನ್ನು ಕೇಳಿ ಬರೆಯಬೇಕು, ಕಾಗದವನ್ನು ಫೈಲಿನಲ್ಲಿಡಬೇಕು ಎಂಬ ಮೂರು ನಿಯಮಗಳ ಮೇಲೆ ಬದುಕಿದವನು. ಪಲ್ಲವಿ ರಾಜ್ಯಮಟ್ಟದಲ್ಲಿ ಆಡಿ ಬಂದಾಗ ಸ್ವಂತ ಮಗಳೆಂದು ಹಿಗ್ಗದೆ ಮೂರೇ ಸಾಲಿನ ಸುದ್ದಿ ಮಾಡಿದ್ದೆ. ಹೆಸರಿನ ಅಕ್ಷರ ತಪ್ಪಬಾರದೆಂದು ಪ್ರಮಾಣಪತ್ರವನ್ನು ಕಚೇರಿಗೆ ಒಯ್ದಿದ್ದೆ. ಹೆತ್ತ ಮಗಳ ಹೆಸರನ್ನೂ ದಾಖಲೆ ನೋಡಿಯೇ ಬರೆಯುವ ಮನುಷ್ಯ ನಾನು. ಸುದ್ದಿ ಬಂತು, ಪ್ರಮಾಣಪತ್ರ ನಿಯಮದಂತೆ ಫೈಲಿಗೆ ಹೋಯಿತು. ಮುಂದೆ ಹೆಂಡತಿ ಶೋಭಾ ಎರಡು ವಾರ ಮನೆಯ ಹಾಸಿಗೆ, ಟ್ರಂಕು, ದೇವರ ಜಗಲಿ ಎಲ್ಲ ಜಾಲಾಡುವಾಗ ನಾನು ಪೇಪರಿನಿಂದ ತಲೆಯೆತ್ತಿ, "ವಸ್ತು ಇಡೂ ಜಾಗಾದಾಗ ಇಟ್ರ ಹಿಂಗ ಆಗೂದಿಲ್ಲ" ಎಂದು ಬೋಧಿಸಿದ್ದೆ. ಮಂಗಳವಾರ ಬೆಳಗಿನ ಐದೂವರೆಗೆ ಅದು ನನ್ನ ಕಚೇರಿಯಲ್ಲಿ, ಇರಬೇಕಾದ ಜಾಗದಲ್ಲೇ, 'ಕ್ರೀಡೆ: ತಾಲೂಕು' ಎಂಬ ಫೈಲಿನಲ್ಲಿ ಸಿಕ್ಕಿತು. ಆ ಹೊತ್ತಿಗೆ ರಾಯಬಾಗದ ರೈಲೂ ನಿಪ್ಪಾಣಿಯ ಬಸ್ಸುಗಳೂ ಹೋಗಿ ಆಗಿತ್ತು. ಉಳಿದದ್ದು ವಿಮಾನ.

ಫೋನಿನಲ್ಲಿ ಟಿಕೆಟು ತೆಗೆದು ಶೋಭಾಗೆ ತಿಳಿಸಿದೆ. ಅವಳು ಬೈಯಲಿಲ್ಲ, ಅದೇ ಭಯವಾಯಿತು. "ಆಫೀಸ್ ಒಳಗ ಹ್ವಾದ ಮ್ಯಾಲ ನಮ್ಮ ಫೋನ್ ಬಂದ್ ಮಾಡಸ್ತಾರ್ರಿ. ಅಡ್ರೆಸ್ ಬರಕೋರಿ" ಎಂದಳು.

"ಅಡ್ರೆಸ್ ನನಗ ಹೇಳ್ತಿ ಏನ?" ಎಂದು ಫೋನ್ ಇಟ್ಟೆ. ಹೋದ ವರ್ಷ ಇದೇ ಪರಿಶೀಲನೆಯ ಬಗ್ಗೆ ಬರೆದವನು ನಾನೇ. ಕೆ.ಆರ್. ಸರ್ಕಲ್ಲಿನ ಹತ್ತಿರ ಎಂದು ವಿಳಾಸವನ್ನೂ ಕೊಟ್ಟಿದ್ದೆ.

ಇನ್ನು ರಾವಸಾಬ ಮಾಮಾ. ಇವರ ಊರು ಸದಲಗಾ. ಹಿಂದಿನ ಸಂಜೆ ಪ್ರಮಾಣಪತ್ರ ಕಾಣೆಯಾದ ಸುದ್ದಿ ಕೇಳಿದವರೇ ಜೀಪು ತೆಗೆದುಕೊಂಡು ನಮ್ಮ ಮನೆಗೆ ಬಂದು ಕುಳಿತಿದ್ದರು. ನಮ್ಮ ಕಡೆ ಒಬ್ಬರ ಮನೆಯಲ್ಲಿ ಏನಾದರೂ ಕಳೆದರೆ ನೆಂಟರು ಬಂದು ಕೂರುತ್ತಾರೆ, ಹುಡುಕುವುದಿಲ್ಲ, ಕೂರುತ್ತಾರೆ. ಮಾಮಾನಿಗೆ ಅರವತ್ತಾರು. ದೂಧಗಂಗೆಯ ದಂಡೆಗೆ ಕಬ್ಬು ಇದೆಯಾದರೂ ಅವರ ಮನಸ್ಸು ಇದ್ದದ್ದು ವಡಾಪ್‌ನಲ್ಲಿ. ಗಡಿಯ ಈಚೆಗೆ ಆಚೆಗೆ ಓಡಾಡದವರಿಗೆ ಹೇಳುವುದಾದರೆ, ಊರಿಂದೂರಿಗೆ ಕೂಗಿ ಕೂಗಿ ಜನ ತುಂಬಿಸಿಕೊಂಡು ಹೋಗುವ ಜೀಪಿಗೆ ವಡಾಪ್ ಎನ್ನುತ್ತೇವೆ. ಅದಕ್ಕೆ ವೇಳೆ ಇಲ್ಲ. ತುಂಬಿದಾಗ ಹೊರಡುತ್ತದೆ, ತುಂಬದಿದ್ದರೆ ನಿಂತಿರುತ್ತದೆ. ಮಾಮಾ ಇಪ್ಪತ್ತೆರಡು ವರ್ಷ ಸದಲಗಾ, ಚಿಕ್ಕೋಡಿ, ನಿಪ್ಪಾಣಿಗಳ ನಡುವೆ ವಡಾಪ್ ಓಡಿಸಿದವರು. ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟರು. ಬಿಟ್ಟರು ಎಂಬುದು ಅವರ ಹೇಳಿಕೆ.

"ಒಬ್ಬಾವ ಹೊಂಟಿ ಏನ? ಇಂಥಾ ಕೆಲಸಕ್ಕ ಒಬ್ಬಾವ ಹೋಗಬಾರದ" ಎಂದು ಅವರೇ ಬೆಳಗಾವಿಯ ತನಕ ಜೀಪು ಓಡಿಸಿದರು. ಸಂಕೇಶ್ವರದಲ್ಲಿ ಹೆದ್ದಾರಿ ಸೇರುವಲ್ಲಿ ಜೀಪು ನಿಂತಿತು. ಪಂಕ್ಚರ್ ಎಂದುಕೊಂಡೆ. ಹಿಂದೆ ಒಬ್ಬ ಮುದುಕಿ, ಒಬ್ಬ ಶಿಕ್ಷಕ, ಎರಡು ಹಾಲಿನ ಕ್ಯಾನು ಹತ್ತಿದವು. "ಮಾಮಾ, ವಿಮಾನ ತಪ್ಪತೈತಿ" ಎಂದೆ. "ಖಾಲಿ ಗಾಡಿ ಓಡಸೂದು ಪಾಪ. ರಸ್ತಾದಾಗ ಜನಾ ನಿಂತಾರ, ನಮ್ಮ ಹಿಂದ ಸೀಟ ಖಾಲಿ ಕುಂತಾವ" ಎಂದರು. ಯಾರಿಂದಲೂ ಏನೂ ಇಸಿದುಕೊಳ್ಳಲಿಲ್ಲ. ಆ ಮಾತಿನಲ್ಲಿ ಅವರಿಗೆ ಶ್ರದ್ಧೆ ಇತ್ತು ಎಂಬುದನ್ನು ನಾನು ಅವಸರದಲ್ಲಿ ಗಮನಿಸಲಿಲ್ಲ.

ವಿಮಾನದಲ್ಲಿ ಕುಳಿತ ಮೇಲೆ ಅವರು ಕಿಟಕಿಯ ಹೊರಗೆ ನೋಡಲಿಲ್ಲ. ಹಿಂದೆ ತಿರುಗಿ ಎಣಿಸಿದರು. "ಸುರೇಶ, ಹಿಂದ ಒಂಬತ್ತ ಸೀಟ ಖಾಲಿ ಅದಾವಲೇ. ಬಾಗಲಾ ಹಾಕಾಕತ್ತಾರ." ನಾನು ಸುಮ್ಮನಿರಲು ಹೇಳುವುದರೊಳಗೆ ಗಗನಸಖಿಯನ್ನು ಕರೆದು, "ತಂಗಿ, ಇನ್ನ ಐದ ಮಿನಿಟ ತಡೀರಲಾ, ಯಾರರ ಬರ್ತಾರ" ಎಂದರು. ಆಕೆ ನಗುತ್ತಲೇ, "ಎಲ್ಲರೂ ಹತ್ತಿದ್ದಾರೆ ಸರ್" ಎಂದಳು. "ಹತ್ತೀವ್ರಿ ಖರೆ, ತುಂಬಿಲ್ಲ" ಎಂದರು ಮಾಮಾ. ಬಾಗಿಲು ಹಾಕಿದ ಮೇಲೂ ಮಳೆಗಾಗಿ ವಿಮಾನ ನಿಂತೇ ಇತ್ತು. ಒಂದೂವರೆ ತಾಸಿನಲ್ಲಿ ಅವರು ಏಳು ಸಲ ಹೇಳಿದ್ದು ಒಂದೇ: "ಇಷ್ಟೊತ್ತಿನ್ಯಾಗ ಒಂಬತ್ತ ಮಂದಿ ಸಿಗತಿದ್ರು."

ಹೀಗೆ ನಾವು ದೇವನಹಳ್ಳಿಯ ನಿಲ್ದಾಣದಿಂದ ಹೊರಬಿದ್ದಾಗ ಹನ್ನೆರಡು ಐದು. ಎದುರಿಗೆ ಬಸ್ಸುಗಳು ಸಾಲಾಗಿ ನಿಂತಿದ್ದವು. ಬೆಂಗಳೂರಿಗೆ ಇಳಿಯುವುದು ಬೇರೆ, ಬೆಂಗಳೂರನ್ನು ಸೇರುವುದು ಬೇರೆ. ನಡುವೆ ಚಿಕ್ಕೋಡಿಯಿಂದ ನಿಪ್ಪಾಣಿಗಿಂತಲೂ ಹೆಚ್ಚು ದಾರಿ ಇದೆ. ಬಸ್ಸು ಅಲ್ಲಲ್ಲಿ ನಿಲ್ಲುತ್ತದೆಂದು ವಿಚಾರಿಸಿ ತಿಳಿದು, ಫೋನಿನಲ್ಲಿ ಟ್ಯಾಕ್ಸಿ ಹೇಳಿದೆ. ಹನ್ನೆರಡು ಇಪ್ಪತ್ತಕ್ಕೆ ಬಂತು. ಚಾಲಕ ಮಂಜಣ್ಣ, ಮೀಸೆ ನರೆತ ಗಂಭೀರ ವ್ಯಕ್ತಿ. ಕಾರಿನ ನಂಬರನ್ನು ಫೋನಿನ ನಂಬರಿಗೆ ತಾಳೆ ನೋಡಲು ನಾನು ಹಿಂಬದಿಗೆ ಹೋದೆ. ಅಲ್ಲೇ ನಿಂತು ಓಟಿಪಿ ಹುಡುಕುತ್ತಿದ್ದಾಗ ನಾನು ಹುಟ್ಟಿದಾಗಿನಿಂದ ಕೇಳಿದ ದನಿ ಕೇಳಿಸಿತು.

"ಮೆಜೆಸ್ಟಿಕ್, ಮೆಜೆಸ್ಟಿಕ್, ಮೆಜೆಸ್ಟಿಕ್. ಎರಡ ಸೀಟ, ಎರಡ ಸೀಟ. ಕುಂತ್ರ ಬಿಡೂದ."

ಮಾಮಾ ಕಾರಿನ ನೆತ್ತಿಯ ಮೇಲೆ ಒಂದು ಕೈ ಬಡಿಯುತ್ತ, ಇನ್ನೊಂದು ಕೈಯಲ್ಲಿ ಜನರನ್ನು ಕರೆಯುತ್ತ ನಿಂತಿದ್ದರು. ನಾವು ಹೋಗಬೇಕಾದದ್ದು ಮೆಜೆಸ್ಟಿಕ್ಕಿಗಲ್ಲ. ಬೆಂಗಳೂರಿನಲ್ಲಿ ಅವರಿಗೆ ಗೊತ್ತಿದ್ದ ಒಂದೇ ಹೆಸರು ಅದು. ಸೂಟು ಹಾಕಿದವರು, ಪೆಟ್ಟಿಗೆ ಎಳೆಯುವವರು ಸುತ್ತು ಹಾಕಿ ದಾಟುತ್ತಿದ್ದರು.

"ಸಾರ್, ಇದು ಶೇರಿಂಗ್ ಗಾಡಿ ಅಲ್ಲ. ನೀವು ಇಬ್ಬರೇ ಹೋಗೋದು" ಎಂದ ಮಂಜಣ್ಣ.

"ಸೀಟ ಎಷ್ಟ ಅದಾವ?"

"ನಾಲ್ಕು."

"ಮತ್ತ ಇಬ್ರ ಹೆಂಗ ಹೋಗೂದ?"

ನಾನು ಮಾಮಾನ ತೋಳು ಹಿಡಿದೆ. "ಮಾಮಾ, ಎರಡಕ್ಕ ಬಾಗಲಾ ಹಾಕ್ತಾರ. ಪಲ್ಲವಿ ವರ್ಷ ಹೋಗತೈತಿ."

"ಗೊತ್ತೈತಿ. ನೀ ಮಾತಾಡ್ಕೋತ ನಿಂತ್ರ ಲೇಟ್ ಆಗೂದ" ಎಂದು ಅವರು ಮತ್ತೆ ನೆತ್ತಿ ಬಡಿದರು.

ನಾನು ಗಡಿಯಾರ ನೋಡುತ್ತಿದ್ದುದರಿಂದ ಖಚಿತವಾಗಿ ಹೇಳಬಲ್ಲೆ: ಹನ್ನೊಂದು ನಿಮಿಷ ಹೋಯಿತು. ಅಷ್ಟರಲ್ಲಿ ಒಬ್ಬ ತಂದೆ, ಒಬ್ಬ ಮಗಳು ಬಂದರು. ಮಂಗಳೂರಿನ ವಿಮಾನದಿಂದ ಇಳಿದವರು. "ಎರಡು ಸಲ ಟ್ಯಾಕ್ಸಿ ಹೇಳಿದೆ ಮಾರಾಯ್ರೇ, ಎರಡೂ ಕ್ಯಾನ್ಸಲ್. ಇದು ಮಲ್ಲೇಶ್ವರಕ್ಕೆ ಹೋಗ್ತದಾ?" ಎಂದು ತಂದೆ ಕೇಳಿದರು.

"ದಾರ್ಯಾಗ ಐತ್ರಿ. ಹತ್ರಿ, ಹತ್ರಿ" ಎಂದರು ಮಾಮಾ.

ಮಲ್ಲೇಶ್ವರ ಎಲ್ಲಿದೆ ಎಂದು ಅವರಿಗೆ ಹೇಗೆ ಗೊತ್ತು ಎಂದು ಕಿವಿಯಲ್ಲಿ ಕೇಳಿದೆ. "ವಡಾಪ್‌ಕ ಎಲ್ಲಾ ಊರೂ ದಾರ್ಯಾಗ ಇರ್ತಾವ" ಎಂದರು. ಮಂಜಣ್ಣ ಹೊಸಬರನ್ನು ನೋಡಿ, "ಇವರ್ಯಾರು ಸಾರ್?" ಎಂದ. "ನಮ್ಮವರ" ಎಂದರು ಮಾಮಾ. ಆ ಕ್ಷಣದಿಂದ ಅವರು ನಮ್ಮವರಾದರು. ಗಾಡಿ ನೂರು ಮಾರು ಹೋಗುವುದರೊಳಗೆ ಹಿಂದಿನ ಸೀಟಿನಲ್ಲಿ ಮಾಮಾನ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿಕೊಂಡಿತ್ತು.

ನಾನು ಮುಂದೆ ಕುಳಿತೆ. ಮೇಲ್ಸೇತುವೆಯ ಮೇಲೆ ಹತ್ತಿಪ್ಪತ್ತು ನಿಮಿಷ ಚೆನ್ನಾಗಿಯೇ ಓಡಿತು. ಹೆಬ್ಬಾಳದಲ್ಲಿ ನಿಂತಿತು. ಕಬ್ಬಿನ ಹಂಗಾಮಿನಲ್ಲಿ ಉಗಾರದ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳು ಸರದಿಗೆ ನಿಲ್ಲುವುದನ್ನು ಎಷ್ಟೋ ಸಲ ವರದಿ ಮಾಡಿದ್ದೇನೆ. ಅಲ್ಲಿ ಚಾಲಕರು ಇಳಿದು ಟ್ರಾಲಿಯ ಕೆಳಗೆ ಮಲಗಿ ಎದ್ದು ಬರುತ್ತಾರೆ. ಇಲ್ಲಿ ಆ ಅನುಕೂಲವೂ ಇರಲಿಲ್ಲ. ಆ ಹನ್ನೊಂದು ನಿಮಿಷ ನನ್ನ ಎದೆಯ ಮೇಲೆ ಕುಳಿತಿತ್ತು. ತಲೆಯಲ್ಲಿ ಮಾಮಾನ ವಿರುದ್ಧ ಒಂದು ಸಂಪಾದಕೀಯವೇ ಸಿದ್ಧವಾಗುತ್ತಿತ್ತು. ಶೀರ್ಷಿಕೆಯ ತನಕ ಮುಗಿಸಿದ್ದೆ.

ಮೇಖ್ರಿ ಸರ್ಕಲ್ ಹತ್ತಿರ ಬಂದಾಗ ಒಂದು ಹತ್ತು. ಮಂಜಣ್ಣ ಕೇಳಿದ: "ಸಾರ್, ಬಲಕ್ಕೆ ಹೋದ್ರೆ ಮಲ್ಲೇಶ್ವರಂ. ನೇರ ಹೋದ್ರೆ ಕೆ.ಆರ್. ಸರ್ಕಲ್. ಮೊದಲು ಯಾವುದು?"

"ಕೆ.ಆರ್. ಸರ್ಕಲ್" ಎಂದೆ. "ನಮ್ಮ ಕೆಲಸ ಎರಡಕ್ಕೆ ಮುಗಿಯುತ್ತದೆ."

ಹಿಂದಿನಿಂದ ಹುಡುಗಿ ಮೆಲ್ಲಗೆ, "ನಮ್ಮದು ಕೂಡ ಎರಡಕ್ಕೇ" ಎಂದಳು.

"ನಿಮ್ಮದು ಎಂತ ಕೆಲಸ?" ಎಂದು ಅವಳ ತಂದೆ ನನ್ನನ್ನು ಕೇಳಿದರು. ಮಗಳ ಕ್ರೀಡಾ ಪ್ರಮಾಣಪತ್ರದ ಪರಿಶೀಲನೆ ಎಂದೆ. ಅವರ ಕೈಯಲ್ಲಿದ್ದ ರೊಟ್ಟಿ ಬಾಯಿಯ ಹತ್ತಿರ ನಿಂತಿತು. "ಇವಳದ್ದೂ ಅದೇ. ಈಜು. ಅದು ಮಲ್ಲೇಶ್ವರದಲ್ಲಿ ಅಲ್ವಾ?"

ಇಲ್ಲಿ ನಾನು ಮಾಡಿದ್ದನ್ನು ಮರೆಮಾಚುವುದಿಲ್ಲ. ಅವರ ಮೇಲೆ ನನಗೆ ಕನಿಕರ ಬಂತು. ಪಾಪ, ಮಂಗಳೂರಿನಿಂದ ಬಂದು ತಪ್ಪು ಸ್ಥಳಕ್ಕೆ ಹೋಗುತ್ತಿದ್ದಾರಲ್ಲ ಎಂದುಕೊಂಡು, ಸಮಾಧಾನದಿಂದ ತಿರುಗಿ, "ನಿಮಗೆ ಯಾರೋ ತಪ್ಪು ಮಾಹಿತಿ ಕೊಟ್ಟಿದ್ದಾರೆ. ನಾನು ಪತ್ರಕರ್ತ. ನಮ್ಮ ಜೊತೆಗೇ ಬನ್ನಿ, ತೋರಿಸುತ್ತೇನೆ" ಎಂದೆ. ಹುಡುಗಿ ಪರಿಶೀಲನೆಗೆ ಬಂದಿದ್ದ ತನ್ನ ಕರೆಪತ್ರವನ್ನು ಮುಂದೆ ಚಾಚಿದಳು. ಓದಿದೆ. ದಿನ ಇವತ್ತಿನದು, ವೇಳೆ ಎರಡರ ತನಕ, ಸ್ಥಳ ಮಲ್ಲೇಶ್ವರದ ಕಚೇರಿ. ಇನ್ನೊಮ್ಮೆ ಓದಿದೆ. ಇಪ್ಪತ್ತಾರು ವರ್ಷ ಬೇರೆಯವರ ಕಾಗದದಲ್ಲಿ ತಪ್ಪು ಹುಡುಕಿದವನಿಗೆ ಆ ಕಾಗದದಲ್ಲಿ ಒಂದೂ ಸಿಗಲಿಲ್ಲ. ಶೋಭಾಗೆ ಫೋನ್ ಹಚ್ಚಿದೆ, ಬಂದ್ ಇತ್ತು.

"ಸಾರ್, ಸಿಗ್ನಲ್ ಬಿಡ್ತು. ಬಲಕ್ಕಾ, ನೇರಕ್ಕಾ?"

ನಾನು ಇನ್ನೊಮ್ಮೆ ಶೋಭಾಗೆ ಫೋನ್ ಹಚ್ಚುತ್ತಿದ್ದೆ. ಚಟ್ನಿಯ ಡಬ್ಬಿ ಮುಚ್ಚುತ್ತ ಮಾಮಾ, "ಬಲಕ್ಕ ಹೊಡೀರಿ. ನಮ್ಮ ಸೀಟಿನ್ಯಾಗ ಕುಂತಾವರ ಎಲ್ಲಿ ಇಳೀತಾರ ಅಲ್ಲೇ ನಮ್ದೂ" ಎಂದರು.

ಒಂದು ಮೂವತ್ತೆಂಟಕ್ಕೆ ಮಲ್ಲೇಶ್ವರದ ಗೇಟಿನ ಮುಂದೆ ಇಳಿದೆವು. ಮಂಗಳೂರಿನ ಹುಡುಗಿ ಓಡಿದಳು. ಶೋಭಾ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಫೈಲನ್ನು ನನ್ನ ಕಂಕುಳಿನಿಂದ ಕಿತ್ತುಕೊಂಡು ಪಕ್ಕದಲ್ಲಿದ್ದ ಪಲ್ಲವಿಯ ಕೈಗೆ ಕೊಟ್ಟಳು. ಖೋಖೋ ಆಡಿದ ಕಾಲುಗಳು ಎಂಥವು ಎಂಬುದನ್ನು ಅಂದು ಕಂಡೆ: ಮೂರು ಮೆಟ್ಟಿಲಿಗೆ ಒಂದು ಹೆಜ್ಜೆ. ಅವಳು ಒಳಗೆ ಮಾಯವಾದ ಮೇಲೆ ಶೋಭಾ ಕೇಳಿದಳು: "ನಾ ಅಡ್ರೆಸ್ ಹೇಳೂ ಮುಂಚೆ ಫೋನ್ ಇಟ್ಟಿದ್ರಿ. ಇಲ್ಲಿಗೆ ಹೆಂಗ ಬಂದ್ರಿ?"

ನಾನು ಮಾಮಾನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ಪೇಪರ್‌ನ್ಯಾವ ಅಲ್ಲೇನವಾ, ವಿಚಾರಿಸಿಕೊಂಡ ಬಂದಾನ" ಎಂದರು. ಹೇಳಿ ಕಾರಿನ ಕಡೆ ತಿರುಗಿದರು. ಮಂಜಣ್ಣ ಖಾಲಿ ಹೋಗುತ್ತಾನೆಂಬ ಚಿಂತೆ ಅವರಿಗೆ. ಗೇಟಿನಲ್ಲಿ ನಿಂತವರತ್ತ ಕೈ ಬೀಸಿ, "ಏರ್ಪೋರ್ಟ್, ಏರ್ಪೋರ್ಟ್, ನಾಕ ಸೀಟ" ಎಂದು ಶುರುಮಾಡಿದರು. ಮಂಜಣ್ಣ ಈ ಸಲ ಬೇಡ ಎನ್ನಲಿಲ್ಲ. ಇಳಿದು ಹಿಂದಿನ ಬಾಗಿಲು ತೆರೆದು ಹಿಡಿದ.

ಮಾಮಾ ನನ್ನ ಮಾನ ಉಳಿಸಿದ್ದು ಬೆಂಗಳೂರಿನ ಮಟ್ಟಿಗೆ ಮಾತ್ರ. ಬೆಳಗಾವಿಯಿಂದ ಮರಳುವಾಗ ಜೀಪಿನಲ್ಲಿ ಹತ್ತಿದ ಒಂಬತ್ತು ಮಂದಿಗೆ ಇಡೀ ಕಥೆ ಹೇಳಿದರು, ನಾನು ಮುಂದೆ ಕುಳಿತಿರುವಾಗಲೇ. ಅವರಲ್ಲಿ ಅಥಣಿಯವರಿದ್ದರು, ಕಾಗವಾಡದವರಿದ್ದರು. ನಮ್ಮ ಪತ್ರಿಕೆ ಮುಟ್ಟದ ಹಳ್ಳಿಗಳಿಗೂ ಸುದ್ದಿ ಮರುದಿನವೇ ಮುಟ್ಟಿತು. ಹೋದ ವಾರ ಕರೋಶಿಗೆ ವರದಿಗೆಂದು ಹೋಗಿದ್ದಾಗ ಚಹಾದಂಗಡಿಯವನು ಕಪ್ಪು ಕೊಡುತ್ತ, "ಸರ್, ಅಡ್ರೆಸ್ ಸರಿ ಐತಲ್ರಿ?" ಎಂದ.

ಪಲ್ಲವಿಯ ದಾಖಲೆಗೆ ಒಂದು ಐವತ್ತೊಂದಕ್ಕೆ ಮುದ್ರೆ ಬಿತ್ತು. ಆಗಸ್ಟಿನಲ್ಲಿ ಅವಳಿಗೆ ಧಾರವಾಡದಲ್ಲಿ ಸೀಟು ಸಿಕ್ಕಿತು. ಮಂಗಳೂರಿನ ಹುಡುಗಿಗೂ ಸಿಕ್ಕಿದೆ ಎಂದು ಅವಳ ತಂದೆ ಮಾಮಾನಿಗೆ ಫೋನ್ ಮಾಡಿ ತಿಳಿಸಿದ್ದಾರೆ. ನನ್ನ ನಂಬರನ್ನು ಅವರು ತೆಗೆದುಕೊಂಡಿರಲಿಲ್ಲ. ಖೋಖೋ ಪ್ರಮಾಣಪತ್ರದ ಮೂಲ ಪ್ರತಿ ಸದ್ಯ ಸದಲಗಾದಲ್ಲಿ, ಮಾಮಾನ ಜೀಪಿನ ಕಾಗದಪತ್ರಗಳಿರುವ ಟ್ರಂಕಿನಲ್ಲಿದೆ. ಟ್ರಂಕಿನ ಕೀಲಿಕೈ ಯಾರ ಬಳಿ ಇದೆ ಎಂದು ಶೋಭಾಳನ್ನೂ ಪಲ್ಲವಿಯನ್ನೂ ಬೇರೆ ಬೇರೆಯಾಗಿ ವಿಚಾರಿಸಿದ್ದೇನೆ. ಈ ಸಾಲು ಬರೆಯುವವರೆಗೆ ಎರಡೂ ಮೂಲಗಳಿಂದ ಮಾಹಿತಿ ಬಂದಿಲ್ಲ.