ಸಾವಿರ ಕುದುರೆಗಳ ಬೇಡಿಕೆಯನ್ನು ಹಿಂಪಡೆಯುವ ಬಗ್ಗೆ

ಇಂದ:
ಒಬ್ಬ ತಾಯಿ,
ಮೂರನೇ ಮಹಡಿ, ಲಿಫ್ಟ್ ಇಲ್ಲ.

ಗೆ:
ದೇವರು,
ಪ್ರಾರ್ಥನೆ ಸ್ವೀಕರಿಸುವ ವಿಭಾಗ.
(ತಾವು ಇಲ್ಲವೆಂದು ನನ್ನ ಮಗಳ ಅಭಿಪ್ರಾಯ. ಇಲ್ಲದಿದ್ದಲ್ಲಿ, ತಮ್ಮ ಗುಮಾಸ್ತರು.)

ವಿಷಯ: ಅರ್ಥ ತಿಳಿಯದೆ ಸಲ್ಲಿಸಿದ ಬೇಡಿಕೆಗಳನ್ನು ರದ್ದುಪಡಿಸಿ, ಪದಗಳನ್ನು ಮಾತ್ರ ಉಳಿಸಿಕೊಡುವ ಕುರಿತು.

ಉಲ್ಲೇಖ: ೧. ಪ್ರತಿದಿನ ಹಾಲು ಕಾಯಿಸುವಾಗ ನಾನು ಸಲ್ಲಿಸಿದ ಪ್ರಾರ್ಥನೆ.
೨. ತಮ್ಮಿಂದ ಬಾರದ ಉತ್ತರ.

ಮಾನ್ಯರೇ,

ಒಲೆಯ ಮೇಲಿಟ್ಟ ನೀರು ಕುದಿಯುವಷ್ಟರಲ್ಲಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸದರಿ ಪ್ರಾರ್ಥನೆಯನ್ನು ನಾನು ನನ್ನ ಅಜ್ಜಿಯ ಬಾಯಿಂದ ಕಲಿತೆ. ಅದು ಈಗ ಯಾರೂ ಮಾತಾಡದ ಭಾಷೆಯಲ್ಲಿದ್ದು, ಅಜ್ಜಿಗೂ ಅರ್ಥ ಗೊತ್ತಿರಲಿಲ್ಲ. ಒಳ್ಳೆಯದನ್ನೇ ಕೇಳುತ್ತಿರಬೇಕೆಂಬ ನಂಬಿಕೆಯ ಮೇಲೆ ಇಬ್ಬರೂ ಕೇಳಿಕೊಂಡು ಬಂದೆವು. ಮೂರು ಸಲ ಹೇಳಿದರೆ ಹಾಲು ಉಕ್ಕುವ ಹೊತ್ತಾಗುತ್ತದೆ. ಇದುವರೆಗೆ ಕಂಡ ಫಲ ಇಷ್ಟೇ.

೨. ನನ್ನ ಮಗಳು ಕಾಲೇಜಿನಲ್ಲಿ ಅದೇ ಭಾಷೆಯನ್ನು ಓದುತ್ತಿದ್ದು, ಕಳೆದ ತಿಂಗಳು ಹಲ್ಲುಜ್ಜುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಮ್ಮ, ದಿನಾ ಏನು ಕೇಳ್ತಿದ್ದೀಯ ಅಂತ ಗೊತ್ತಾ ನಿನಗೆ?"

"ಎಲ್ಲರೂ ಚೆನ್ನಾಗಿರಲಿ ಅಂತ ಕಣೇ."

"ಎಲ್ಲರೂ ಎಲ್ಲಿ ಬಂದ್ರು? ನೂರು ಗಂಡುಮಕ್ಕಳು ಕೊಡು, ಸಾವಿರ ಕುದುರೆ ಕೊಡು, ಅಕ್ಕಪಕ್ಕದ ವೈರಿಗಳ ಹಲ್ಲು ಉದುರಿಸು."

ನಮ್ಮ ಪಕ್ಕದ ಮನೆಯಾಕೆ ಹೋದ ವರ್ಷ ಹಲ್ಲಿನ ಸೆಟ್ ಕಟ್ಟಿಸಿಕೊಂಡಿರುವ ಕಾರಣ, ನನಗೆ ಎರಡು ದಿನ ಊಟ ಸೇರಲಿಲ್ಲ. ಈ ಒಂದು ಬಾಬತ್ತು ತಮ್ಮ ಕಚೇರಿಯಿಂದ ಮಂಜೂರಾದದ್ದೇ, ಅಲ್ಲವೇ ಎಂದು ತಿಳಿಸಬೇಕು.

೩. ಅಂದಿನಿಂದ ನಾನು ಬಾಯಿ ತೆರೆದರೆ ಸಾಕು, ಮಗಳು ಸ್ನಾನದ ಮನೆಯಿಂದ ಕುದುರೆಯಂತೆ ಕೆನೆಯುತ್ತಿದ್ದಳು. ಆದ್ದರಿಂದ ನಿಲ್ಲಿಸಿದೆ. ನಿಲ್ಲಿಸಿದ ಕಾರಣ ಹಾಲು ಉಕ್ಕಿ ಹೋಯಿತು. ಅದು ಹೋಗಲಿ. ಶಾಲೆಗೆ ಸೇರಿದಾಗಿನಿಂದ ಪ್ರತಿ ಪರೀಕ್ಷೆಗೂ ಇವಳ ತಲೆಯ ಮೇಲೆ ಕೈಯಿಟ್ಟು ಇದನ್ನೇ ಹೇಳಿ ಕಳಿಸುತ್ತಿದ್ದೆ. ಈ ಸಲ ಅವಳು ಕೇಳುವ ಹಾಗಿಲ್ಲ, ನಾನು ಹೇಳುವ ಹಾಗಿಲ್ಲ.

೪. ಇಂದು ಅದೇ ಭಾಷೆಯ ಪರೀಕ್ಷೆ. ಅವಳು ಶೂ ಲೇಸು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ನೀರು ಕುಡಿಯಲು ಒಳಗೆ ಬಂದವಳು ಕುಡಿದಾದ ಮೇಲೂ ಲೋಟ ಕೆಳಗಿಡಲಿಲ್ಲ.

"ಬಸ್ಸು ಹೋಗುತ್ತೆ ಪುಟ್ಟಿ."

"ಹೋಗ್ಲಿ ಬಿಡು." ಆಮೇಲೆ ಸಿಂಕಿನ ಕಡೆ ನೋಡುತ್ತ, "ಆ ಕುದುರೆದು ಹೇಳಮ್ಮ. ಅರ್ಥ ಬಿಟ್ಟು, ಬರೀ ಹೇಳು."

ಹೇಳಿದೆ. ಹಲ್ಲಿನ ಸಾಲು ಬಂದಾಗ ಕಿಟಕಿ ಪಕ್ಕದ ಮನೆಗೆ ತೆರೆದಿದ್ದ ಕಾರಣ ದನಿ ತಗ್ಗಿಸಿದೆ. ಕೈಯಡಿಯಲ್ಲಿ ಅವಳ ತಲೆ ಅಲುಗುತ್ತಿತ್ತು, ನಗುತ್ತಿದ್ದಳೆಂದುಕೊಂಡೆ. ಕೈ ತೆಗೆದಾಗ ಕಣ್ಣೊರೆಸಿಕೊಂಡು ಓಡಿದಳು. ಬಾಚಿದ ಕೂದಲಿನ ಮೇಲೆ ನನ್ನ ಪಾತ್ರೆ ಸೋಪಿನ ನೊರೆಯೂ ಪರೀಕ್ಷೆಗೆ ಹೋಗಿದೆ.

ಆದ್ದರಿಂದ, ಗಂಡುಮಕ್ಕಳು, ಕುದುರೆ ಹಾಗೂ ಹಲ್ಲುಗಳ ಬೇಡಿಕೆಯನ್ನು ಈ ಮೂಲಕ ಹಿಂಪಡೆದಿರುತ್ತೇನೆ. ಪದಗಳು ಮಾತ್ರ ಯಥಾಪ್ರಕಾರ ಬರುತ್ತಿರುತ್ತವೆ. ಅವು ಎಲ್ಲೆಲ್ಲಿ ಬರುತ್ತವೆಯೋ ಅಲ್ಲಲ್ಲಿ "ಪ್ರಶ್ನೆಪತ್ರಿಕೆ ನೋಡಿದಾಗ ಮಗುವಿನ ಕೈ ನಡುಗದಿರಲಿ" ಎಂದು ತಿದ್ದಿ ಓದಿಕೊಳ್ಳತಕ್ಕದ್ದು.

ತಮ್ಮ ವಿಶ್ವಾಸಿ
(ಅರ್ಧದಷ್ಟು, ಉಳಿದರ್ಧ ಮಗಳ ಕಡೆ),
ಸಹಿ: ಒದ್ದೆ ಕೈಯಿಂದ ಅಳಿಸಿದೆ

ಲಗತ್ತುಗಳು:
೧. ಪ್ರಾರ್ಥನೆಯ ಮೂಲಪ್ರತಿ: ಇಲ್ಲ, ಬಾಯಿಪಾಠ.
೨. ಅನುವಾದ: ಮಗಳದ್ದು, ಕೆನೆತ ಸಹಿತ.
೩. ಹಾಲಿನ ಕಲೆ: ಇದೇ ಹಾಳೆಯ ಮೂಲೆಯಲ್ಲಿ.

ವಿ.ಸೂ.: ಕುದುರೆಗಳು ಈಗಾಗಲೇ ಹೊರಟಿದ್ದಲ್ಲಿ, ಒಂದನ್ನು ಪರೀಕ್ಷೆ ಬಿಡುವ ಹೊತ್ತಿಗೆ ಕಾಲೇಜಿನ ಗೇಟಿನ ಬಳಿ ನಿಲ್ಲಿಸಬೇಕು. ಅವಳು ಮನೆಗೆ ಬರುವ ಬಸ್ಸು ಯಾವಾಗಲೂ ತಡ. ಉಳಿದವನ್ನು ವಾಪಸು ಕರೆಸಿಕೊಳ್ಳಬೇಕಾಗಿ ವಿನಂತಿ.