ಡಾಕ್ಟರ ಬಾಗಿಲಲ್ಲಿ ಬಾಣಂತನ

ಬೆಳಗಿನ ವಾಕಿಂಗ್ ಮುಗಿಸಿ ಬಂದ ದಂತವೈದ್ಯರಿಗೆ ತಮ್ಮ ಮನೆಯ ಬಾಗಿಲಿಗೇ ಹಗ್ಗ ಕಟ್ಟಿರುವುದು ಕಾಣಿಸಿತು. ಹಗ್ಗದ ಆಚೆ, ಕಾಲೊರಸಿನ ಮೇಲೆ, ಒಂದು ಕಡಲಹಕ್ಕಿ ಚುಕ್ಕೆಮೊಟ್ಟೆಯೊಂದಕ್ಕೆ ಕಾವು ಕೊಡುತ್ತ, ಸೊಸೆಯ ತಪ್ಪು ಹುಡುಕುವ ಅತ್ತೆಯ ಹಾಗೆ ಕುತ್ತಿಗೆ ಕೊಂಕಿಸಿ ಅವರನ್ನೇ ನೋಡುತ್ತಿತ್ತು.

ಹಗ್ಗದ ತುದಿ ಹಿಡಿದು ನಿಂತವರು ಪಕ್ಕದ ಬಂಗಲೆಯ ನಿವೃತ್ತ ಜಡ್ಜಮ್ಮ, ಬಡಾವಣೆಯ ಪ್ರಕೃತಿ ಸಂರಕ್ಷಣಾ ಸಮಿತಿಯ ಅಧ್ಯಕ್ಷೆ.

"ಮೆಲ್ಲಗೆ ಮಾತಾಡಿ ಡಾಕ್ಟ್ರೇ. ಅಪರೂಪದ ಹಕ್ಕಿ ಥರ ಇದೆ. ಮರಿ ಆಗೋತನಕ ಈ ಬಾಗಿಲು ಬಂದ್."

"ನಾನು ಒಳಗೆ ಹೋಗೋದು ಹೇಗೆ?"

"ಅಡುಗೆಮನೆ ಕಿಟಕಿಯಿಂದ."

ಬೇರೆ ಬಾಗಿಲಿರಲಿಲ್ಲ. ಸಮುದ್ರ ಕಾಣಲೆಂದು ಹಿಂದಿನ ಗೋಡೆಗೆಲ್ಲ ತೆರೆಯಲಾಗದ ಗಾಜು ಕೂರಿಸಿದ್ದರು. ಡಾಕ್ಟರ ಮೈ ಉರಿಯಿತು.

"ಮರಳದಿಬ್ಬ ಸವರಿ ಬಂಗಲೆ ಕಟ್ಟೋವಾಗ, ಈಜುಕೊಳ ತೋಡೋವಾಗ, ಯಾರಾದ್ರೂ ಹಕ್ಕಿನ ಒಂದು ಮಾತು ಕೇಳಿದ್ರಾ?"

"ಅದಕ್ಕೇ ಈಗ ಪ್ರಾಯಶ್ಚಿತ್ತ ಮಾಡ್ಕೊಳ್ತಿರೋದು."

"ಮಾಡ್ಕೊಳ್ಳಿ. ನಿಮ್ಮ ಬಾಗಿಲಲ್ಲಿ ಮಾಡ್ಕೊಳ್ಳಿ."

"ಹಕ್ಕಿ ನಿಮ್ಮನ್ನ ಆರಿಸ್ಕೊಂಡಿದೆ," ಎಂದು ಜಡ್ಜಮ್ಮ ತೀರ್ಪಿತ್ತರು.

ಕಿಟಕಿಯಲ್ಲಿ ತಲೆ ತೂರಿಸಿದ ಡಾಕ್ಟರ ಹೊಟ್ಟೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಒಳಗಿನಿಂದ ಹೆಂಡತಿ ಕೈ ಎಳೆದರು, ಹೊರಗಿನಿಂದ ಜಡ್ಜಮ್ಮ ಕಾಲು ನೂಕಿದರು. ಜನ್ಮವಿಡೀ ಊರವರ ಹಲ್ಲು ಕಿತ್ತ ಮನುಷ್ಯ, ಹುಳುಕು ದವಡೆಹಲ್ಲಿನಂತೆ ಕಳಚಿ, ಪಾತ್ರೆ ತೊಳೆಯುವ ಸಿಂಕಿಗೆ ಬಿದ್ದರು.

"ಸದ್ದು ಮಾಡ್ಬೇಡಿ ರೀ. ಪಾಪ, ಬಾಣಂತಿ ಅದು," ಎಂದರು ಹೆಂಡತಿ.

ಮಧ್ಯಾಹ್ನದ ಹೊತ್ತಿಗೆ ಟಿವಿ ನಿಂತಿತು, ಮಿಕ್ಸಿ ನಿಂತಿತು. ಡಾಕ್ಟರು ಸೀನಿದರೂ ಹೊರಗೆ ಫೋಟೋ ತೆಗೆಯಲು ನೆರೆದ ಜನವೆಲ್ಲ "ಶ್" ಎನ್ನುತ್ತಿತ್ತು. ಸ್ವಂತ ಮನೆಯಲ್ಲಿ ಕಳ್ಳನ ಹಾಗೆ ತುದಿಗಾಲಲ್ಲಿ ಓಡಾಡಿ ಸಾಕಾಗಿ, ಅವರು ಕಿಟಕಿಯಿಂದ ಮುಖ ಹೊರಹಾಕಿದರು.

"ಇದು ಅಪರೂಪದ ಹಕ್ಕಿ ಅಂತ ತಿಳಿದವರು ಬಂದು ಹೇಳ್ಲಿ. ಇಲ್ದಿದ್ರೆ ಈಗ್ಲೇ ಬಾಗಿಲು ತೆಗೀತೀನಿ."

ಸಂಜೆ ವನ್ಯಜೀವಿ ತಜ್ಞರು ಬಂದರು. ಮಂಡಿಯೂರಿ ನೋಡಿ, "ಇದು ಎಲ್ಲಾ ಕಡೆ ಇರೋ ಹಕ್ಕಿ. ಕಾಲೊರಸಿನ ಸಮೇತ ಮೊಟ್ಟೆನ ಆ ಹೂಕುಂಡದ ಪಕ್ಕಕ್ಕೆ ಸರಿಸೋಣ, ಅದೂ ಬರತ್ತೆ," ಎಂದರು. ಹಾಗೇ ಆಯಿತು. ಜಡ್ಜಮ್ಮ ಮುಖ ಸಪ್ಪೆ ಮಾಡಿಕೊಂಡು ಹಗ್ಗ ಬಿಚ್ಚಿದರು.

ಡಾಕ್ಟರು ಬಾಗಿಲನ್ನು ಹಾರುಹೊಡೆದರು. "ಬನ್ನಿ ಸಾರ್. ಇಡೀ ಬಡಾವಣೇಲಿ ನ್ಯಾಯವಾಗಿ ಮಾತಾಡಿದೋರು ನೀವೊಬ್ರೇ. ಕಾಫಿ ಕುಡಿದೇ ಹೋಗ್ಬೇಕು."

"ಮೊದ್ಲು ಕೈ ತೊಳ್ಕೊಂಡು ಬರ್ತೀನಿ," ಎಂದು ತಜ್ಞರು ಬಚ್ಚಲುಮನೆಗೆ ಹೋದರು.

ಕಾಫಿ ಆರಿತು. ತೊಟ್ಟಿಲಲ್ಲಿ ಕೂಸು ಮಲಗಿಸಿ ಬಂದವರಂತೆ, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ತಜ್ಞರು ಹೊರಬಂದರು. ಕಣ್ಣು ಒದ್ದೆಯಾಗಿತ್ತು.

"ಡಾಕ್ಟ್ರೇ, ನಿಮ್ಮ ಬಚ್ಚಲ ಪೈಪಿನ ಗೂಡಲ್ಲಿ ಬಾವಲಿ ಸಂಸಾರ ಇದೆ. ಈ ಜಾತಿ ಅಳಿದೇ ಹೋಯ್ತು ಅಂತ ಪುಸ್ತಕದಲ್ಲಿ ಬರೆದೋನೇ ನಾನು."

"ಅಂದ್ರೆ?"

"ನೀರು ಬಿಟ್ರೆ ಪೈಪು ನಡುಗತ್ತೆ, ಮರಿ ಬೀಳತ್ತೆ. ಅವು ಹಾರೋತನಕ ಮನೇಲಿ ಯಾವ ನಲ್ಲೀನೂ ತಿರುಗಿಸೋ ಹಾಗಿಲ್ಲ."

ಜಡ್ಜಮ್ಮ ಆಗಲೇ ನಡುಮನೆಗೆ ಬಂದಾಗಿತ್ತು.

"ನಾನು ಸ್ನಾನ ಎಲ್ಲಿ ಮಾಡ್ಲಿ?" ಎಂದು ಡಾಕ್ಟರು ಸಿಟ್ಟಿನಿಂದ ಕೇಳಿದರು.

"ಎದುರಿಗೆ ಅಷ್ಟು ದೊಡ್ಡ ಸಮುದ್ರ ಬಿದ್ದಿದೆ," ಎಂದರು ಜಡ್ಜಮ್ಮ. "ಸೋಪು ಮಾತ್ರ ಹಚ್ಕೋಬೇಡಿ. ಮೀನುಗಳಿಗೆ ಆಗಲ್ಲ."