ಸಾಧುವಿನ ಸದ್ದಿಲ್ಲದ ಫ್ಯಾನು

ಬೈಗುಳದ ನಟ್ಟನಡುವೆ ಬಚ್ಚಲಿನ ಎಕ್ಸಾಸ್ಟ್ ಫ್ಯಾನು ನಿಂತುಹೋಯಿತು. ಸಾಧುವಿನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

"ಆ ಮೇಲ್ಮನೆ ಫೋರ್‌ಮನ್ ಮೀಸೆಗೆ ಹಗ್ಗ ಕಟ್ಟಿ..." ಎನ್ನುವವರೆಗೆ ಫ್ಯಾನಿನ ಗಡಗಡ ಸದ್ದು ಕಾವಲಿಗಿತ್ತು. "ಬಟ್ಟೆ ಒಣಹಾಕ್ಬೇಕು!" ಎಂಬ ಮಾತು ಮಾತ್ರ ಕಾವಲಿಲ್ಲದೆ, ನಿಚ್ಚಳವಾಗಿ, ಬಚ್ಚಲಿನ ನಾಲ್ಕು ಗೋಡೆಗೂ ಬಡಿದು ಮೊಳಗಿತು. ಸಾಧು ಗಾಬರಿಯಿಂದ ಬಾಯಿ ಮುಚ್ಚಿಕೊಂಡ. ಕೈಯಲ್ಲಿದ್ದ ಸೋಪು ಬಾಯಿಗೆ ಹೋಯಿತು.

ಸಾಧು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಟ್ಟಡದವರು ಕೊಟ್ಟ ಬಿರುದು. ನೀರು ಸರಬರಾಜು ಕಚೇರಿಯ ದೂರಿನ ಕೌಂಟರಿನಲ್ಲಿ ಹನ್ನೊಂದು ವರ್ಷದಿಂದ ಕೂತವನು ಅವನು. ಬೆಳಗಿನಿಂದ ಸಂಜೆಯವರೆಗೆ ಜನ ಬಂದು ಬಾಯಿಗೆ ಬಂದಂತೆ ಅನ್ನುತ್ತಾರೆ. ಇವನು ಹಲ್ಲು ಕಾಣುವಂತೆ ನಕ್ಕು, "ನಿಮ್ಮ ದೂರು ಬರೆದುಕೊಂಡಿದ್ದೇನೆ. ಮೂರು ದಿನದಲ್ಲಿ ಸರಿಪಡಿಸಲಾಗುವುದು" ಎನ್ನುತ್ತಾನೆ. ನಿದ್ದೆಯಲ್ಲಿ ಎಬ್ಬಿಸಿದರೂ ಇದನ್ನೇ ಹೇಳುತ್ತಾನೆಂದು ಹೆಂಡತಿ ಹೇಳುತ್ತಾಳೆ. ಮನೆಯಲ್ಲಿ, ಮೆಟ್ಟಿಲಲ್ಲಿ, ರಸ್ತೆಯಲ್ಲಿ ಯಾರಿಗೂ ಒಂದು ಎದುರುಮಾತು ಆಡಿದವನಲ್ಲ.

ಹಾಗಾದರೆ ದಿನವಿಡೀ ನುಂಗಿದ ಮಾತೆಲ್ಲ ಎಲ್ಲಿಗೆ ಹೋಗುತ್ತಿತ್ತು? ಬಚ್ಚಲಿಗೆ. ದಿನಾ ಬೆಳಿಗ್ಗೆ ಹತ್ತು ನಿಮಿಷ. ಬಾಗಿಲು ಹಾಕಿ, ಹಿಟ್ಟಿನ ಗಿರಣಿಯಂತೆ ಸದ್ದು ಮಾಡುವ ಆ ಹಳೆಯ ಫ್ಯಾನು ಹಾಕಿದನೆಂದರೆ ಸಾಧು ಹುಲಿಯಾಗುತ್ತಿದ್ದ. ಮೇಲಧಿಕಾರಿಯಿಂದ ಹಿಡಿದು ಕೆಳಮನೆ ಅಜ್ಜಿಯವರೆಗೆ ಒಬ್ಬರನ್ನೂ ಬಿಡದೆ ಜಾಡಿಸಿ, ಮೈಯ ಜೊತೆ ಮನಸ್ಸನ್ನೂ ತೊಳೆದುಕೊಂಡು, ಮತ್ತೆ ಸಾಧುವಾಗಿ ಹೊರಬರುತ್ತಿದ್ದ. ಆ ಹತ್ತು ನಿಮಿಷ ತಪ್ಪಿದರೆ ಒಂದು ದಿನ ಕೌಂಟರಿನಲ್ಲೇ ಸಿಡಿದು ಕೆಲಸ ಕಳೆದುಕೊಳ್ಳುವುದು ಖಂಡಿತ ಎಂದು ಅವನಿಗೆ ಗೊತ್ತಿತ್ತು. ಸಾಲದ್ದಕ್ಕೆ ಈ ದಿನ ಸಂಜೆ ಹೆಂಡತಿಯ ಅಣ್ಣ ಎಂಟು ದಿನಕ್ಕೆಂದು ಬರುವವನಿದ್ದ. ಉಪದೇಶ ಮಾಡುವುದನ್ನೇ ಕಸುಬು ಮಾಡಿಕೊಂಡ ಭಾವ! ಫ್ಯಾನಿಲ್ಲದೆ ಅವನೊಂದಿಗೆ ಎಂಟು ದಿನ ಬದುಕುವುದು ಹೇಗೆ?

ತಲೆ ಒರೆಸಿಕೊಂಡು ಹೊರಬರುವಷ್ಟರಲ್ಲಿ ಬಾಗಿಲಲ್ಲಿ ಫೋರ್‌ಮನ್ ನಿಂತಿದ್ದ. ಮೇಲಿನ ಮನೆಯವನು, ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಇಡೀ ಕಟ್ಟಡವನ್ನೇ ಕಾರ್ಖಾನೆ ಎಂದುಕೊಂಡವನು. ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದು ಕೈ ಮೀಸೆಯ ಮೇಲೆ.

"ಏನ್ರೀ ಸಾಧು, ಫ್ಯಾನ್ ಹೋಯ್ತಂತೆ?"

"ನಿಮ್ಗೆ ಯಾರು ಹೇಳಿದ್ರು ಸಾರ್?"

"ಯಾರಾದ್ರೂ ಹೇಳ್ಬೇಕಾ? ಸದ್ದು ನಿಂತ್ರೆ ಗೊತ್ತಾಗಲ್ವಾ? ನಡೀರಿ, ಹೊಸದು ತರೋಣ. ನಾನೇ ನಿಂತು ಕೂರಿಸಿಕೊಡ್ತೀನಿ."

"ಇವತ್ತು ನನಗೆ ರಜೆ ಸಾರ್, ನಾನೇ ತರ್ತೀನಿ, ನಿಮಗ್ಯಾಕೆ ತೊಂದ್ರೆ..."

"ತೊಂದ್ರೆ ಏನ್ ಬಂತು! ನಿಮ್ಮ ಫ್ಯಾನು ಅಂದ್ರೆ ನಮ್ಮೆಲ್ಲರ ಫ್ಯಾನು ಇದ್ದಂಗೆ."

ಈ ಪ್ರೀತಿ ಸಾಧುವಿಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು. ಆದರೆ ಮೀಸೆಯ ಮಾತು ಅವನ ಕಿವಿಗೆ ಬಿದ್ದಿಲ್ಲವಲ್ಲ ಎಂಬ ಸಂತೋಷದಲ್ಲಿ ಅದನ್ನು ಮರೆತ.

ಅಂಗಡಿಯಲ್ಲಿ ಸಾಧು ಒಂದೊಂದೇ ಫ್ಯಾನನ್ನು ಹಾಕಿಸಿ, ಕಿವಿ ಹತ್ತಿರ ಹಿಡಿದು ಪರೀಕ್ಷಿಸಿದ. ಎಲ್ಲವೂ ಸಪ್ಪೆ.

"ಸದ್ದಿನ ವಿಷಯದಲ್ಲಿ ಇದಕ್ಕಿಂತ ಒಳ್ಳೇದು ಇಲ್ವಾ?"

"ಇದಕ್ಕಿಂತ ಕಡಿಮೆ ಸದ್ದು ಯಾವುದೂ ಮಾಡಲ್ಲ ಸಾರ್."

"ಕಡಿಮೆ ಅಲ್ಲಪ್ಪಾ, ಜಾಸ್ತಿ!"

ಅಂಗಡಿಯವನು ಇವನನ್ನು ಮೇಲಿಂದ ಕೆಳಗೆ ನೋಡಿ, ಒಳಗಿನಿಂದ ಧೂಳು ಹಿಡಿದ ಕಬ್ಬಿಣದ ಫ್ಯಾನೊಂದನ್ನು ಹೊತ್ತು ತಂದ. ಹಾಕಿದ್ದೇ ತಡ, ಅಂಗಡಿಯ ಗಾಜೆಲ್ಲ ಗಡಗಡ ನಡುಗಿತು. ಆಹಾ! ಇದರ ಕೆಳಗೆ ನಿಂತು ಮೇಲಧಿಕಾರಿಯ ವಂಶವನ್ನೇ ಜಾಲಾಡಬಹುದು! ಸಾಧುವಿನ ಕಣ್ಣು ಒದ್ದೆಯಾಯಿತು. "ಇದನ್ನೇ ಕೊಡಿ" ಎನ್ನುವಷ್ಟರಲ್ಲಿ ಫೋರ್‌ಮನ್ ಸ್ವಿಚ್ಚು ಆರಿಸಿದ.

"ತಲೆ ಕೆಟ್ಟಿದೆಯೇನ್ರೀ? ಇದು ಬಚ್ಚಲಿಗಾ, ಕಾರ್ಖಾನೆಗಾ? ಆ ಬಿಳೀದು ಕೊಡಪ್ಪಾ, ಸದ್ದೇ ಇಲ್ಲದ್ದು."

"ಸದ್ದಿಲ್ದಿದ್ರೆ ಓಡ್ತಿದೆಯೋ ಇಲ್ವೋ ಹೆಂಗೆ ಗೊತ್ತಾಗತ್ತೆ ಸಾರ್?"

"ಒಂದು ಕಾಗದ ಹಿಡೀರಿ. ಎಳ್ಕೊಂಡ್ರೆ ಓಡ್ತಿದೆ ಅಂತ ಅರ್ಥ."

ನಿಜವಾದ ಕಾರಣ ಹೇಳುವಂತಿರಲಿಲ್ಲ. ಬಿಳಿ ಫ್ಯಾನನ್ನು ಬೇಡದ ಮಗುವಿನಂತೆ ಎತ್ತಿಕೊಂಡು ಮನೆಗೆ ಬಂದ.

ಆ ಕಟ್ಟಡದ ಬಚ್ಚಲುಗಳಿಗೆಲ್ಲ ಸೇರಿ ಒಂದೇ ಡಕ್ಟು. ಬಾವಿಯಂತೆ ಮಾಳಿಗೆಯಿಂದ ನೆಲದವರೆಗೆ ಇಳಿದ ಇಕ್ಕಟ್ಟಿನ ಖಾಲಿ ಜಾಗ. ಮೇಲೆ ಫೋರ್‌ಮನ್, ಕೆಳಗೆ ಅಜ್ಜಿ, ನಡುವೆ ಸಾಧು, ಅವನೆದುರು ಟೈಲರ್. ನಾಲ್ಕೂ ಬಚ್ಚಲಿನ ಕಿಂಡಿ ತೆರೆಯುವುದು ಅದರೊಳಕ್ಕೇ. ಸಾಧು ಸ್ಟೂಲು ಹತ್ತಿ ಹಳೆಯ ಫ್ಯಾನನ್ನು ಕಿತ್ತ. ಫೋರ್‌ಮನ್ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಿಂದ ಒಂದು ಫ್ಯೂಸನ್ನು ಕಿತ್ತು ತಂದು, ಪದಕದಂತೆ ಎತ್ತಿ ತೋರಿಸಿದ.

"ಟೆಸ್ಟರ್ ಹಾಕಿ ನೋಡ್ಲಾ ಸಾರ್?" ಎಂದ ಸಾಧು.

"ಮೂವತ್ತು ವರ್ಷ ಫೋರ್‌ಮನ್ ಆಗಿದ್ದವನು ಹೇಳ್ತಿದೀನಿ. ತಂತಿ ಮುಟ್ಟಿ!"

ಸಾಧು ಮುಟ್ಟಿದ. ಬೆರಳಿನಿಂದ ಹಿಮ್ಮಡಿಯವರೆಗೆ ಝುಮ್ಮೆಂದಿತು. ಮರುಕ್ಷಣ ಅವನು ಸ್ಟೂಲಿನ ಮೇಲಿರಲಿಲ್ಲ, ಬಕೆಟ್ಟಿನೊಳಗೆ ಕೂತಿದ್ದ. ಅದೇ ಹೊತ್ತಿಗೆ ಕೊರಳಲ್ಲಿ ಟೇಪು ನೇತುಹಾಕಿಕೊಂಡ ಟೈಲರ್ ಓಡಿಬಂದ.

"ಯಾರ್ರೀ ನನ್ನ ಫ್ಯೂಸ್ ಕಿತ್ತಿದ್ದು? ಕೋಟಿನ ತೋಳು ಅರ್ಧಕ್ಕೇ ನಿಂತೋಯ್ತು!"

ಫೋರ್‌ಮನ್ ಒಂದಿಷ್ಟೂ ಅಳುಕಲಿಲ್ಲ. "ನೋಡಿದ್ರಾ ಸಾಧು? ಇದು ನಿಮ್ಮ ಫ್ಯೂಸ್ ಅಲ್ಲ ಅಂತ ಈಗ ಖಾತ್ರಿ ಆಯ್ತು."

ಸಾಧುವಿನ ಗಂಟಲಿಗೆ ಏಳೆಂಟು ಒಳ್ಳೊಳ್ಳೆಯ ಬೈಗುಳ ಬಂದು ನಿಂತವು. ಅವನ್ನು ಉಗುಳಿನ ಜೊತೆ ನುಂಗಿ, "ಪರವಾಗಿಲ್ಲ ಸಾರ್" ಎಂದ. ಟೈಲರ್ ಜಗಳಕ್ಕೆ ಬಂದವನು ವಿಷಯ ತಿಳಿದದ್ದೇ ತೋಳು ಮಡಿಸಿದ. "ಫ್ಯಾನಾ? ಮೊದ್ಲೇ ಹೇಳ್ಬಾರ್ದಾ? ಕೋಟು ನಾಳೆ ಆಗತ್ತೆ ಬಿಡಿ."

ಸರಿಯಾದ ಫ್ಯೂಸು ಕಿತ್ತಿದ್ದಾಯಿತು. ತಂತಿಗೆ ತಂತಿ ಸೇರಿಸಿ ಟೇಪು ಸುತ್ತಿದ್ದಾಯಿತು. ಟೈಲರನ ಸಲಹೆಯಂತೆ ಫ್ಯಾನನ್ನು ಕಿಂಡಿಗೆ ಕೂರಿಸಿ, ಫ್ಯೂಸು ಹಾಕಿ ಸ್ವಿಚ್ಚು ಒತ್ತಿದರೆ, ಅದು ಹಿಂದುಮುಂದಾಗಿ ಕೂತಿತ್ತು. ಡಕ್ಟಿನಲ್ಲಿ ವರ್ಷಗಟ್ಟಲೆ ಸೇರಿದ್ದ ಮಸಿ, ಧೂಳು, ಜೇಡರಬಲೆ ಎಲ್ಲ ಭುಸ್ಸೆಂದು ಸಾಧುವಿನ ಮುಖಕ್ಕೇ ಬಂತು. ಆಗಷ್ಟೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ಕೆಳಮನೆ ಅಜ್ಜಿ ಅವನನ್ನು ನೋಡಿ, "ಇವನ್ಯಾರೋ ಹೊಸ ಕೆಲಸದವನು? ನಮ್ಮ ಸಾಧು ಎಲ್ಲಿ?" ಎಂದಳು.

"ನಾನೇ ಅಜ್ಜಿ."

"ಅಯ್ಯೋ ಕಂದಾ! ಇರ್ಲಿ, ಸದ್ದಿಲ್ಲದ್ದೇ ತಂದಿದೀಯ ತಾನೇ? ಸದ್ದು ಮಾಡೋದಾದ್ರೆ ನಾನು ಒಪ್ಪೋದಿಲ್ಲ ನೋಡು."

ಫ್ಯಾನನ್ನು ಕಳಚಿ ತಿರುಗಿಸುವಾಗ ಸಾಧುವಿಗೊಂದು ಹೊಳೆಯಿತು. ಯಾರೂ ನೋಡದಂತೆ ಒಂದು ಸ್ಕ್ರೂವನ್ನು ಅರ್ಧಕ್ಕೇ ಬಿಟ್ಟ. ಸ್ವಿಚ್ಚು ಒತ್ತಿದಾಗ ಫ್ಯಾನು ಟಕಟಕ ಟಕಟಕ ಎಂದು ಹಲ್ಲು ಕಡಿಯತೊಡಗಿತು. ಸಾಧುವಿನ ಮಸಿ ಮುಖದಲ್ಲಿ ನಗು ಅರಳಿತು. ಬದುಕಿದೆ!

"ಎಲ್ಲೋ ಸಡಿಲ ಇದೆ" ಎಂದು ಫೋರ್‌ಮನ್ ತಾನೇ ಸ್ಟೂಲು ಹತ್ತಿದ. ಸ್ಕ್ರೂ ಬಿಗಿದ. ಸಾಲದೆ ಅಜ್ಜಿಯ ಹಳೆಯ ಚಪ್ಪಲಿ ತರಿಸಿ, ಅದರ ರಬ್ಬರು ಕತ್ತರಿಸಿ ನಾಲ್ಕೂ ಮೂಲೆಗೆ ಇಟ್ಟ. ಫ್ಯಾನು ಒಮ್ಮೆ ನಿಟ್ಟುಸಿರು ಬಿಟ್ಟು ಮೌನವಾಯಿತು.

ಅಷ್ಟಕ್ಕೂ ಬಿಡಲಿಲ್ಲ. ಫ್ಯಾನನ್ನು ಮತ್ತೆ ಸಡಿಲಿಸಿ, ಅದು ಎತ್ತ ಮುಖ ಮಾಡಬೇಕೆಂಬುದಕ್ಕೆ ಇನ್ನೊಂದು ಗಂಟೆ. ಗಾಳಿ ಹೇಗೆ ಬರುತ್ತದೆಂದು ನೋಡಲು ಫೋರ್‌ಮನ್ ತನ್ನ ಬಚ್ಚಲಿಗೆ ಹೋದ, ಟೈಲರ್ ತನ್ನದಕ್ಕೆ, ಅಜ್ಜಿ ಕೆಳಕ್ಕೆ. ಹೋಗುವ ಮುಂಚೆ ಫೋರ್‌ಮನ್ ಒಂದು ಗುಟ್ಟು ಹೇಳಿಕೊಟ್ಟ.

"ಫ್ಯಾನ್ ಹಿಡ್ಕೊಂಡಾಗ ಕೈ ನಡುಗಬಾರದು ಅಂದ್ರೆ ಗಟ್ಟಿಯಾಗಿ ಎಣಿಸ್ತಾ ಇರ್ಬೇಕು. ಇದು ನಮ್ಮ ಕಾರ್ಖಾನೆ ಪದ್ಧತಿ."

ಸಾಧು ಸ್ಟೂಲಿನ ಮೇಲೆ ನಿಂತು, "ಒಂದು, ಎರಡು, ಮೂರು" ಎಂದು ಎಣಿಸಿದ. ಕೆಳಗಿನಿಂದ ಅಜ್ಜಿ, "ಸ್ವಲ್ಪ ಕೆಳಗೆ ಬಗ್ಗಿಸೋ!" ಎಂದಳು. ಮೇಲಿನಿಂದ ಫೋರ್‌ಮನ್, "ಇನ್ನೊಂಚೂರು ಈ ಕಡೆ!" ಎಂದ. ಎಪ್ಪತ್ತಮೂರಕ್ಕೆ ಬರುವ ಹೊತ್ತಿಗೆ ಮೂರು ಕಡೆಯಿಂದಲೂ ಒಟ್ಟಿಗೆ ಕೂಗು ಬಂತು: "ಹಾಂ! ಈಗ ಚೆನ್ನಾಗಿ ಬರ್ತಿದೆ! ಹಾಗೇ ಬಿಗೀರಿ!"

ತನ್ನ ಬಚ್ಚಲಿನ ಗಾಳಿ ಚೆನ್ನಾಗಿ ಬಂತೆಂದು ಜನ ಇಷ್ಟು ಹಿಗ್ಗುವುದನ್ನು ಸಾಧು ಜನ್ಮದಲ್ಲಿ ಕಂಡಿರಲಿಲ್ಲ.

ಸಂಜೆಯಾಯಿತು. ಎಲ್ಲರೂ ಹೋದರು. ಮಸಿ ತೊಳೆಯಲು ಬಚ್ಚಲಿಗೆ ಹೊಕ್ಕ ಸಾಧುವಿನ ಹೊಟ್ಟೆಯಲ್ಲಿ ಬೆಳಗಿನಿಂದ ನುಂಗಿದ ಬೈಗುಳಗಳು ಕುದಿಯುತ್ತಿದ್ದವು. ಶಾಕಿನದ್ದು, ಮಸಿಯದ್ದು, ಎಪ್ಪತ್ತಮೂರರವರೆಗೆ ಎಣಿಸಿದ್ದು! ಫ್ಯಾನು ಹಾಕಿದ. ನಲ್ಲಿಯಿಂದ ಒಂದು ಹನಿ ತೊಟ್ಟಿಕ್ಕಿದ್ದೂ ಕೇಳಿಸುವಷ್ಟು ಮೌನ. ಅಳು ಬರುವಂತಾಯಿತು.

ನಲ್ಲಿ! ಅರೆ, ನಲ್ಲಿ ಇದೆಯಲ್ಲ!

ತಗಡಿನ ಬಕೆಟ್ಟನ್ನು ಬೋರಲು ಹಾಕಿ, ಅದರ ಬೆನ್ನಿಗೆ ಬೀಳುವಂತೆ ನಲ್ಲಿಯನ್ನು ಪೂರ್ತಿ ತಿರುಗಿಸಿದ. ಧಡಧಡ ಧಡಧಡ! ಹಳೆಯ ಫ್ಯಾನಿಗಿಂತ ಹತ್ತು ಪಾಲು ಜೋರು! ಸಾಧುವಿಗೆ ಹೋದ ಜೀವ ಬಂದಂತಾಯಿತು. ಎದೆಯುಬ್ಬಿಸಿ ಶುರುಮಾಡಿದ. ಫೋರ್‌ಮನ್ನನ ಮೂವತ್ತು ವರ್ಷದ ಅನುಭವವನ್ನು ಮೂರು ಮಾತಿನಲ್ಲಿ ಮುಗಿಸಿದ. ಟೈಲರನ ಟೇಪನ್ನು ಎಲ್ಲಿಗೆ ಸುತ್ತಬೇಕೆಂದು ಹೇಳಿದ. ಅಜ್ಜಿಯನ್ನೂ ಅವಳ ಚಪ್ಪಲಿಯನ್ನೂ ಬಿಡಲಿಲ್ಲ. "ಇನ್ನು ನಮ್ಮ ಭಾವ! ಬರ್ತಾನೆ, ಉಪದೇಶದ ಮೂಟೆ ಹೊತ್ಕೊಂಡು..." ಎಂದು ಉಸಿರೆಳೆದುಕೊಂಡ.

ಫ್ಯಾನಿನೊಳಗಿಂದ ಅಜ್ಜಿಯ ಧ್ವನಿ ಬಂತು.

"ಲೋ ಸಾಧು, ಆ ನಲ್ಲಿ ನಿಲ್ಸೋ! ಏನೂ ಸರಿಯಾಗಿ ಕೇಳಿಸ್ತಿಲ್ಲ!"

ಸಾಧು ಟವೆಲನ್ನು ಎಳೆದು ಸೊಂಟಕ್ಕೆ ಸುತ್ತಿಕೊಂಡ.

"ಹೌದ್ರೀ ಸಾಧು" ಎಂದಿತು ಮೇಲಿನ ಧ್ವನಿ. "ಆರು ವರ್ಷದಿಂದ ಆ ಹಾಳು ಫ್ಯಾನು ಅರ್ಧ ಮಾತು ತಿಂದುಹಾಕ್ತಿತ್ತು. ಬೆಳಿಗ್ಗೆ ಮೀಸೆಗೆ ಹಗ್ಗ ಕಟ್ಟಿ ಏನ್ ಮಾಡ್ಬೇಕು ಅಂದಿದ್ದು ಮಾತ್ರ ಪೂರ್ತಿ ಕೇಳಿಸ್ತು ನೋಡಿ, ಆಗ್ಲೇ ನಿರ್ಧಾರ ಮಾಡಿದೆ, ಸದ್ದಿಲ್ಲದ ಫ್ಯಾನೇ ಹಾಕಿಸ್ಬೇಕು ಅಂತ. ಇಷ್ಟು ಕಷ್ಟಪಟ್ಟು ಕೂರಿಸಿದ್ರೆ ನೀವು ನಲ್ಲಿ ಬಿಡೋದಾ?"

"ನನ್ನ ಟೇಪಿನ ವಿಷಯ ಅರ್ಧಕ್ಕೇ ಹೋಯ್ತು ಸಾರ್" ಎಂದ ಎದುರಿನ ಟೈಲರ್. "ಇನ್ನೊಂದ್ಸಲ ಹೇಳ್ತೀರಾ? ಮನೆಯವಳೂ ಬಂದು ನಿಂತಿದಾಳೆ."

ಅಷ್ಟರಲ್ಲಿ ಬಚ್ಚಲಿನ ಬಾಗಿಲು ಸದ್ದಾಯಿತು. ಹೆಂಡತಿ.

"ರೀ, ಅಣ್ಣ ಬಂದಾಯ್ತು. ಇಲ್ಲೇ ಬಾಗಿಲ ಹತ್ರ ನಿಂತಿದಾನೆ. ತನ್ನ ಪಾಲಿನ ಬೈಗುಳ ಮುಗೀತಾ, ಇನ್ನೂ ಬಾಕಿ ಇದೆಯಾ ಅಂತ ಕೇಳ್ತಿದಾನೆ."

ಸಾಧು ನಲ್ಲಿ ನಿಲ್ಲಿಸಿದ. ಮೇಲೆ, ಕೆಳಗೆ, ಎದುರು, ಬಾಗಿಲ ಹೊರಗೆ, ಎಲ್ಲೆಡೆಯೂ ಕಿವಿಗಳು ಕಾದಿದ್ದವು. ಹೊಸ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಅವನು ಬಾಯಿ ತೆರೆದ. ಹನ್ನೊಂದು ವರ್ಷದ ಅಭ್ಯಾಸ. ಮುಖದ ಮೇಲೆ ನಗು ತಾನಾಗಿಯೇ ಬಂದು ಕೂತಿತು.

"ನಿಮ್ಮೆಲ್ಲರ ದೂರು ಬರೆದುಕೊಂಡಿದ್ದೇನೆ" ಎಂದ ಸಾಧು, ಸೊಂಟದ ಟವೆಲನ್ನು ಬಿಗಿಯಾಗಿ ಹಿಡಿದುಕೊಂಡು. "ಮೂರು ದಿನದಲ್ಲಿ ಸರಿಪಡಿಸಲಾಗುವುದು."